ಹೊಗೆಗೆ ಲೆಕ್ಕ ಕೇಳಿದ ಐದು ವರ್ಷ

2016ರ ಅಕ್ಟೋಬರ್‌ನಲ್ಲಿ ನಮ್ಮ ಯಜಮಾನರಿಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಯಿತು. ಡಾಕ್ಟರ್ ಮೊದಲು ಕೇಳಿದ್ದು ಸಿಗರೇಟಿನ ಬಗ್ಗೆ. ಇವರು ಮುಚ್ಚಿಡಲಿಲ್ಲ. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುವಾಗ ಶುರು ಮಾಡಿದ್ದೆ, 1985ರಲ್ಲಿ ಮಗಳು ಹುಟ್ಟಿದ ವಾರ ಬಿಟ್ಟೆ, ಆಮೇಲೆ ಮುಟ್ಟಿಲ್ಲ ಎಂದರು. ಡಾಕ್ಟರ್ ಬರೆದುಕೊಂಡು ಎದ್ದರು. ಬಾಗಿಲ ಹತ್ತಿರ ಹೋದವರು ತಿರುಗಿ ಇನ್ನೊಂದು ಮಾತು ಕೇಳಿದರು. "ಏನು ಕೆಲಸ ಮಾಡುತ್ತಿದ್ದಿರಿ?"

"ರೈಲ್ವೆ. ಡೀಸೆಲ್ ಇಂಜಿನ್ ರಿಪೇರಿ. 31 ವರ್ಷ."

ಡಾಕ್ಟರ್ ವಾಪಸ್ ಬಂದು ಕುರ್ಚಿ ಎಳೆದುಕೊಂಡು ಕೂತರು. ಡೀಸೆಲ್ ಹೊಗೆ, ಆಸ್‌ಬೆಸ್ಟಾಸ್, ವೆಲ್ಡಿಂಗ್ ಹೊಗೆ, ಮರಳಿನ ಧೂಳು, ಯಾವುದರ ನಡುವೆ ಎಷ್ಟು ವರ್ಷ ಇದ್ದಿರಿ ಅಂತ ಒಂದೊಂದಾಗಿ ಕೇಳಿ ಫೈಲಿನಲ್ಲಿ ಬರೆದರು. ಆ ಅರ್ಧ ಪುಟ ಮುಂದೆ ನಮಗೆ ಎಷ್ಟು ಬೇಕಾಗುತ್ತದೆ ಅಂತ ಅವತ್ತು ಗೊತ್ತಿರಲಿಲ್ಲ. ಇವರು ಉಳೀತಾರಾ ಅನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಅಮೆರಿಕದಲ್ಲಿರುವ ಕನ್ನಡದವರು ಅಂದರೆ ಸಾಫ್ಟ್‌ವೇರ್, ಇಲ್ಲಾ ಡಾಕ್ಟರಿಕೆ ಅಂತ ಊರಲ್ಲಿ ಎಲ್ಲರೂ ಅಂದುಕೊಂಡಿದ್ದಾರೆ. ಕೈಗೆ ಗ್ರೀಸ್ ಮೆತ್ತಿಕೊಂಡು ದುಡಿದವರೂ ಇದ್ದಾರೆ. ಅಂಥ ಮನೆಯಲ್ಲಿ ಯಾರಿಗಾದರೂ ಹೀಗಾದರೆ ಏನು ಮಾಡಬೇಕು ಅಂತ ಕನ್ನಡದಲ್ಲಿ ಓದೋಕೆ ನನಗೆ ಏನೂ ಸಿಗಲಿಲ್ಲ. ಅದಕ್ಕೇ ರೈಲು ಕಂಪನಿ ಮೇಲೆ ಕೇಸ್ ಹಾಕಿ ನಾವು ಹಾದು ಬಂದದ್ದನ್ನು ಬರೆಯುತ್ತಿದ್ದೇನೆ.

ನಮ್ಮ ಮಾವನವರು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿದ್ದರು. ವರ್ಕ್‌ಶಾಪಿನ ಭೋಂಗಾ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಮನೆ ಅದು. ಇವರು 1979ರಲ್ಲಿ ಅಕ್ಕನ ಆಸರೆಯಲ್ಲಿ ಶಿಕಾಗೋಕ್ಕೆ ಬಂದರು. 1981ರಲ್ಲಿ ಇಲ್ಲಿಯ ಒಂದು ದೊಡ್ಡ ರೈಲು ಕಂಪನಿಯ ಇಂಜಿನ್ ಶಾಪ್ ಸೇರಿದರು. ಮೊದಲು ಕಸ ಗುಡಿಸುವ, ಮರಳು ತುಂಬುವ ಕೆಲಸ. ಆಮೇಲೆ ಮೆಷಿನಿಸ್ಟ್. ನಮ್ಮ ಮದುವೆ ಆಗಿದ್ದು 1983ರಲ್ಲಿ. ರೈಲ್ವೆಯಲ್ಲಿ 30 ವರ್ಷ ಸರ್ವಿಸ್ ಆಗಿದ್ದರೆ 60ಕ್ಕೆ ಪೂರ್ತಿ ಪೆನ್ಷನ್ ಸಿಗುತ್ತದೆ. 2012ರಲ್ಲಿ 60 ತುಂಬಿದ ತಿಂಗಳೇ ಕೆಲಸ ಬಿಟ್ಟರು. ಊರಿಗೆ ಹೋಗಿ ಆರು ತಿಂಗಳು ಇರೋಣ ಅಂತ ಇಬ್ಬರೂ ಮಾತಾಡಿಕೊಂಡಿದ್ದೆವು.

ಆ ಶಾಪ್ ಒಳಗೆ ನಾನು ಹೋಗಿದ್ದು ಒಂದೇ ಸಲ. ಜನವರಿ ತಿಂಗಳು, ರಾತ್ರಿ ಪಾಳಿ. ಊಟದ ಡಬ್ಬಿ ಮನೆಯಲ್ಲೇ ಬಿಟ್ಟು ಹೋಗಿದ್ದರು, ಕೊಡೋಕೆ ಅಂತ ಹೋದೆ. ಹೊರಗೆ ಮೂಳೆ ಕೊರೆಯುವ ಚಳಿ. ದೊಡ್ಡ ಬಾಗಿಲುಗಳನ್ನೆಲ್ಲ ಹಾಕಿದ್ದರು. ಒಳಗೆ ನಾಲ್ಕೈದು ಇಂಜಿನ್‌ಗಳು ಓಡುತ್ತಲೇ ನಿಂತಿದ್ದವು. ಚಳಿಗಾಲದಲ್ಲಿ ಅವುಗಳನ್ನು ಆಫ್ ಮಾಡುತ್ತಿರಲಿಲ್ಲ. ಈ ಇಂಜಿನ್‌ಗಳಿಗೆ ನಮ್ಮ ಕಾರಿಗೆ ಹಾಕುವಂಥ ಆಂಟಿಫ್ರೀಜ್ ಹಾಕುತ್ತಿರಲಿಲ್ಲ, ತಣಿಸೋಕೆ ಇದ್ದದ್ದು ನೀರು. ಆಫ್ ಮಾಡಿದರೆ ನೀರು ಹೆಪ್ಪುಗಟ್ಟಿ ಒಳಗಿನ ಲೋಹ ಸೀಳುತ್ತದೆ. ಇಂಜಿನ್ ಕೆಡಬಾರದು ಅಂತ ಇಡೀ ರಾತ್ರಿ ಓಡಿಸುತ್ತಿದ್ದರು. ಚಾವಣಿಯ ಹತ್ತಿರ ಬಲ್ಬಿನ ಸುತ್ತ ನೀಲಿ ಮಬ್ಬು ಕವಿದಿತ್ತು. ಇವರು ಎಲ್ಲಿದ್ದಾರೆ ಅಂತ ದೂರದಿಂದ ಗುರುತು ಸಿಗಲಿಲ್ಲ. ಹತ್ತಿರ ಬಂದು ಡಬ್ಬಿ ಇಸಿದುಕೊಂಡು, "ಲಗೂ ಹೋಗು, ಇಲ್ಲಿ ನಿಲ್ಲಬ್ಯಾಡ" ಎಂದರು. ನನಗೆ ಐದು ನಿಮಿಷ ನಿಲ್ಲಬೇಡ ಅಂದವರು ಅಲ್ಲಿ 31 ಚಳಿಗಾಲ ಕಳೆದರು.

ಮನೆಗೆ ಬಂದರೆ ಮೂಗು ಸೀದಿದ ಕರ್ಚೀಫು ಕಪ್ಪು. ಕೆಲಸದ ಬಟ್ಟೆಯನ್ನು ನಾನು ಬೇರೆ ಹಾಕಿ ಎರಡು ಸಲ ಒಗೆಯುತ್ತಿದ್ದೆ. ಮೊದಲನೇ ನೀರು ಇದ್ದಿಲು ಕದಡಿದ ಹಾಗೆ ಇರುತ್ತಿತ್ತು. ಆ ಬಟ್ಟೆಯಲ್ಲಿ ಏನೇನು ಇತ್ತೋ ಅಂತ ಈಗ ಯೋಚನೆ ಬರುತ್ತದೆ. ಆದರೆ ನಾನು ರೈಲು ಕಂಪನಿಯ ನೌಕರಳಲ್ಲ, ನನಗೇನಾದರೂ ಆದರೆ ಈ ಕಾನೂನು ನನ್ನದಲ್ಲ.

ಯಾವ ಕಾನೂನು ಅಂತ ಹೇಳುತ್ತೇನೆ.

ಕಾಯಿಲೆ ಗೊತ್ತಾಗಿ ಎರಡು ತಿಂಗಳಾಗಿರಬಹುದು. ಇವರ ಜೊತೆ ಕೆಲಸ ಮಾಡಿದ್ದ ಒಬ್ಬರು ನೋಡೋಕೆ ಬಂದರು. ನಾವು ಅವರನ್ನು ದೊಡ್ಡ ಮಿಸ್ತ್ರಿ ಅಂತಲೇ ಕರೆಯುತ್ತಿದ್ದೆವು, ಪೋಲೆಂಡ್ ಮೂಲದವರು. "ಲಾಯರ್ ನೋಡಿದೆಯಾ?" ಎಂದರು. ಇವರಿಗೆ ಸಿಟ್ಟೇ ಬಂತು. ಅನ್ನ ಕೊಟ್ಟ ಕಂಪನಿ ಮೇಲೆ ಕೇಸ್ ಹಾಕೋದಾ? ನಮ್ಮ ಅಪ್ಪ ಹುಬ್ಬಳ್ಳಿ ವರ್ಕ್‌ಶಾಪ್‌ಗೆ ದಿನಾ ಕೈಮುಗಿದು ಒಳಗೆ ಹೋಗುತ್ತಿದ್ದರು ಅಂದರು. ಮಿಸ್ತ್ರಿ ವಾದ ಮಾಡಲಿಲ್ಲ. ಯೂನಿಯನ್ ಕೊಟ್ಟಿದ್ದ ಒಂದು ಚೀಟಿಯನ್ನು ಮೇಜಿನ ಮೇಲಿಟ್ಟು ಹೋದರು. ಅದರಲ್ಲಿ ಲಾಯರ್‌ಗಳ ಹೆಸರು, ನಂಬರು. ಇಲ್ಲಿನ ರೈಲ್ವೆ ಯೂನಿಯನ್‌ಗಳು ಇಂಥ ಕೇಸು ಬಲ್ಲವರ ಪಟ್ಟಿ ಇಟ್ಟುಕೊಂಡಿರುತ್ತವೆ.

ನನಗೆ ಮೊದಲು ಇದ್ದ ತಿಳಿವಳಿಕೆ ಬೇರೆ. ಪಕ್ಕದ ಮನೆಯವರು ಗೋದಾಮಿನಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗ ರಾಜ್ಯದ ವರ್ಕರ್ಸ್ ಕಾಂಪೆನ್ಸೇಶನ್‌ನಿಂದ ದುಡ್ಡು ಬಂದಿತ್ತು. ತಪ್ಪು ಯಾರದು ಅಂತ ಯಾರೂ ಕೇಳಿರಲಿಲ್ಲ. ಕೆಲಸದಲ್ಲಿ ಪೆಟ್ಟಾಯಿತಾ, ಆಯಿತು, ಅಷ್ಟೇ. ನಮಗೂ ಹಾಗೇ ಅಂದುಕೊಂಡಿದ್ದೆ. ರೈಲು ನೌಕರರಿಗೆ ಅದು ಇಲ್ಲವಂತೆ. ಅವರಿಗೆ ಇರುವುದು 1908ರ ಫೆಡರಲ್ ಎಂಪ್ಲಾಯರ್ಸ್ ಲಯಬಿಲಿಟಿ ಆ್ಯಕ್ಟ್ (FELA) ಅನ್ನುವ ಕಾನೂನು, ಎಲ್ಲರೂ ಫೆಲಾ ಅಂತಾರೆ. ಥಿಯೋಡರ್ ರೂಸ್‌ವೆಲ್ಟ್ ಅಧ್ಯಕ್ಷರಾಗಿದ್ದಾಗ ಬಂದದ್ದು. ಅದರಲ್ಲಿ ಕಾಯಿಲೆ ಬಂತು ಅಂತ ತೋರಿಸಿದರೆ ಸಾಲದು. ಕಂಪನಿ ನಿರ್ಲಕ್ಷ್ಯ ಮಾಡಿದೆ, ಆ ನಿರ್ಲಕ್ಷ್ಯ ಈ ಕಾಯಿಲೆಗೆ ಕಾರಣ ಅಂತ ತೋರಿಸಬೇಕು.

ಕೇಳಿದಾಗ ನನ್ನ ಕೈಕಾಲು ಆಡಲಿಲ್ಲ. ಇಷ್ಟು ದೊಡ್ಡ ಕಂಪನಿ ತಪ್ಪು ಮಾಡಿದೆ ಅಂತ ನಾವು ಹೇಗೆ ತೋರಿಸೋದು?

ಲಾಯರ್ ಹೆಣ್ಣುಮಗಳು, ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಅವಳು ಹೇಳಿದ್ದು ನೆನಪಿದೆ. ಕಾನೂನಿನಲ್ಲಿ ಒಂದು ಮಾತಿದೆಯಂತೆ, ಹಾನಿಗೆ ಕಂಪನಿಯ ನಿರ್ಲಕ್ಷ್ಯ ಪೂರ್ತಿಯಾಗಿ ಇಲ್ಲವೇ ಭಾಗಶಃ ಕಾರಣವಾಗಿದ್ದರೆ ಸಾಕು ಅಂತ. ಹಳಿ ಪಕ್ಕದ ಹುಲ್ಲು ಸುಡುತ್ತಿದ್ದ ರೋಜರ್ಸ್ ಎಂಬ ಕಾರ್ಮಿಕನ ಕೇಸಿನಲ್ಲಿ 1957ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಡಿಸಿ ಹೇಳಿತು. ಕಂಪನಿಯ ತಪ್ಪಿನ ಪಾಲು ಎಷ್ಟೇ ಸಣ್ಣದಿರಲಿ, ಅದು ಕಾರಣಗಳಲ್ಲಿ ಒಂದಾಗಿದ್ದರೆ ಜ್ಯೂರಿ (ಕೋರ್ಟಿನಲ್ಲಿ ಕೂತು ತೀರ್ಪು ಹೇಳುವ ಸಾಮಾನ್ಯ ಜನ) ಮುಂದೆ ಹೋಗಬಹುದು. 2011ರಲ್ಲಿ ಅದೇ ಕೋರ್ಟ್ ಆ ಮಾತಿಗೆ ಮತ್ತೆ ಅಂಟಿಕೊಂಡಿತು. ಸಿಗರೇಟಿನ ವಿಷಯ ಬಂದಾಗ, "ನಿಮ್ಮದೂ ಪಾಲಿದೆ ಅಂತ ಜ್ಯೂರಿ ಹೇಳಿದರೆ ಅಷ್ಟು ಪಾಲು ಹಣ ಕಡಿಮೆಯಾಗುತ್ತದೆ, ಕೇಸ್ ಬಿದ್ದುಹೋಗುವುದಿಲ್ಲ" ಎಂದಳು. ಇವರು ಮೊದಲ ಸಲ ತಲೆ ಎತ್ತಿ ಕೂತರು.

ಅವಳ ಫೀಸ್ ಗೆದ್ದರೆ ಮೂರರಲ್ಲಿ ಒಂದು ಪಾಲು. ಸೋತರೆ ಇಲ್ಲ. ಕೇಸಿನಲ್ಲಿ ಸಾಕ್ಷಿ ಹೇಳುವ ಎಕ್ಸ್‌ಪರ್ಟ್‌ಗಳ ಖರ್ಚು ಬೇರೆ, ಅದನ್ನು ಅವರೇ ಮೊದಲು ಹಾಕುತ್ತಾರೆ, ಕೊನೆಗೆ ಬಂದ ಹಣದಲ್ಲಿ ಹಿಡಿದುಕೊಳ್ಳುತ್ತಾರೆ. ಇದನ್ನು ಸಹಿ ಮಾಡುವ ಮೊದಲೇ ಸರಿಯಾಗಿ ಕೇಳಿ ತಿಳಿದುಕೊಳ್ಳಿ. ಪೆನ್ಷನ್‌ಗೆ ತೊಂದರೆ ಆಗುತ್ತದಾ ಅನ್ನುವ ಭಯ ನಮಗಿತ್ತು. ಆಗುವುದಿಲ್ಲ. ಪೆನ್ಷನ್ ಕೊಡುವುದು ರೈಲ್‌ರೋಡ್ ರಿಟೈರ್‌ಮೆಂಟ್ ಬೋರ್ಡ್, ಅದರ ಮುಖ್ಯ ಕಚೇರಿ ಶಿಕಾಗೋದಲ್ಲೇ ಇದೆ, ಅದರ ದಾರಿಯೇ ಬೇರೆ.

ಆಮೇಲೆ ಅವಳು ಗಡಿಯಾರದ ಮಾತು ತೆಗೆದಳು. ಕೇಸ್ ಹಾಕೋಕೆ ಗಡುವು ಮೂರು ವರ್ಷ. ಯಾವತ್ತಿನಿಂದ ಮೂರು ವರ್ಷ? ಹೊಗೆ ಕುಡಿದ ದಿನದಿಂದ ಎಣಿಸಿದರೆ ಯಾರಿಗೂ ಏನೂ ಸಿಗುವುದಿಲ್ಲ, ಈ ಕಾಯಿಲೆ ಇಪ್ಪತ್ತು ಮೂವತ್ತು ವರ್ಷ ಒಳಗೇ ಕೂತಿರುತ್ತದೆ. ಇದಕ್ಕೆ ದಾರಿ ಮಾಡಿಕೊಟ್ಟಿದ್ದು ಯೂರಿ ಎಂಬ ಫೈರ್‌ಮನ್, ಅಂದರೆ ರೈಲು ಇಂಜಿನ್ನಿನ ಬೆಂಕಿ ನೋಡಿಕೊಳ್ಳುವವನು. ಸ್ಟೀಮ್ ಇಂಜಿನ್‌ಗಳಲ್ಲಿ ಸುಮಾರು 30 ವರ್ಷ ದುಡಿದು, ಮರಳಿನ ಧೂಳಿನಿಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬಂದು ಕೆಲಸ ಬಿಟ್ಟಿದ್ದ. ಕಾರ್ಮಿಕನಿಗೆ ತನ್ನ ಒಳಗೆ ಏನಾಗುತ್ತಿದೆ ಅಂತ ಗೊತ್ತಾಗದೆ ಇದ್ದಾಗ ಗಡಿಯಾರ ಓಡುವುದು ಸರಿಯಲ್ಲ ಅಂತ 1949ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಫೆಲಾ ಬರೀ ಅಪಘಾತಕ್ಕಲ್ಲ, ಕೆಲಸದಿಂದ ಬರುವ ಕಾಯಿಲೆಗೂ ಅನ್ವಯಿಸುತ್ತದೆ ಅಂತಲೂ ಆಗಲೇ ಹೇಳಿದ್ದು. ಈಗ ಲೆಕ್ಕ ಹೀಗೆ: ಕಾಯಿಲೆ ಇದೆ ಅಂತ, ಅದಕ್ಕೆ ಕೆಲಸ ಕಾರಣ ಇರಬಹುದು ಅಂತ ನಿಮಗೆ ಗೊತ್ತಾದ, ಇಲ್ಲವೇ ಗೊತ್ತಾಗಬೇಕಿದ್ದ ದಿನದಿಂದ ಮೂರು ವರ್ಷ. ಆ "ಗೊತ್ತಾಗಬೇಕಿದ್ದ" ಅನ್ನುವ ಪದದ ಮೇಲೆ ಎಷ್ಟೋ ಕೇಸುಗಳು ಬಿದ್ದಿವೆ. ಡಾಕ್ಟರ್ ವಾಪಸ್ ಬಂದು ಕೂತು ಬರೆದ ಅರ್ಧ ಪುಟ ನಮ್ಮನ್ನು ಕಾಯ್ದಿದ್ದು ಇಲ್ಲೇ. ತಾರೀಖು ಸಮೇತ ಅದರಲ್ಲಿತ್ತು.

ಮರಳು ಅಂದಾಗ ಇವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಹಳಿಯ ಮೇಲೆ ಚಕ್ರ ಜಾರದೆ ಇರಲಿ ಅಂತ ಈಗಲೂ ಇಂಜಿನ್‌ಗಳಲ್ಲಿ ಮರಳಿನ ಡಬ್ಬ ಇರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇವರ ಕೆಲಸವೇ ಅದನ್ನು ತುಂಬುವುದಾಗಿತ್ತು.

ಆವತ್ತು ಮನೆಗೆ ಹೋಗುವಾಗ ಲಾಯರ್ ಒಂದು ಕೆಲಸ ಕೊಟ್ಟಳು. ಸೇರಿದ ದಿನದಿಂದ ಬಿಟ್ಟ ದಿನದವರೆಗೆ ಏನೇನು ಮಾಡಿದಿರಿ, ಎಲ್ಲಿ ನಿಂತು ಮಾಡಿದಿರಿ, ಯಾರು ಜೊತೆಗಿದ್ದರು, ಏನು ವಾಸನೆ, ಏನು ಧೂಳು, ಮಾಸ್ಕ್ ಕೊಟ್ಟಿದ್ದರಾ, ಯಾರಾದರೂ ದೂರು ಕೊಟ್ಟಿದ್ದರಾ, ಎಲ್ಲ ಬರೆಯಿರಿ. ಕಂಪನಿ ಹತ್ತಿರ ಕಾಗದಗಳಿವೆ, ಆದರೆ ನಿಮ್ಮ ಎದೆಯೊಳಗೆ ಏನು ಹೋಯಿತು ಅಂತ ಯಾವ ಕಾಗದದಲ್ಲೂ ಇರುವುದಿಲ್ಲ ಎಂದಳು.

ಕೀಮೋ ನಡುವೆ, ಸುಸ್ತು ಕಡಿಮೆ ಇದ್ದ ದಿನಗಳಲ್ಲಿ ಇವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಮೊದಲ ದಿನ ಮೂರೇ ಸಾಲು ಆಯಿತು. "ಇಂಜಿನ್ ರಿಪೇರಿ ಮಾಡ್ತಿದ್ದೆ. ಇನ್ನೇನು ಬರೀತಿ?" ಆಗ ನಾನು ಕೈಯ ಬಗ್ಗೆ ಕೇಳೋಕೆ ಶುರು ಮಾಡಿದೆ. ಬೆಳಿಗ್ಗೆ ಹೋದ ತಕ್ಷಣ ಕೈಯಲ್ಲಿ ಏನು ಹಿಡೀತಿದ್ರಿ? ಅದಾದ ಮೇಲೆ? ಹಳೇ ಗ್ಯಾಸ್ಕೆಟ್ ಕಿತ್ತು ತಂತಿ ಬ್ರಷ್‌ನಿಂದ ಕೆರೆಯುತ್ತಿದ್ದುದು ನೆನಪಾಯಿತು. ಬ್ರೇಕ್ ಶೂಗಳ ಪುಡಿಯನ್ನು ಏರ್ ಪೈಪಿನಿಂದ ಊದಿ ತೆಗೆಯುತ್ತಿದ್ದುದು. ಸ್ಟೀಮ್ ಕಾಲದಿಂದ ಉಳಿದ ಪೈಪುಗಳ ಬಿಳಿ ಸುತ್ತು ಉದುರಿ ಟೂಲ್ ಬಾಕ್ಸ್ ಮೇಲೆ ಹಿಟ್ಟಿನ ಹಾಗೆ ಬೀಳುತ್ತಿದ್ದುದು. ಅದೇ ಕಲ್ನಾರು, ಆಸ್‌ಬೆಸ್ಟಾಸ್. ಭಾಗಗಳನ್ನು ತೊಳೆಯುವ ಸಾಲ್ವೆಂಟ್ ತೊಟ್ಟಿ, ಅದರಲ್ಲಿ ಬರಿಗೈ ಅದ್ದುತ್ತಿದ್ದುದು. ಚಾವಣಿಯಲ್ಲಿ ಹೊಗೆ ಎಳೆಯುವ ಆರು ಫ್ಯಾನ್, ಅದರಲ್ಲಿ ಓಡುತ್ತಿದ್ದದ್ದು ಎರಡು. ಒಂದು ಚಳಿಗಾಲದಲ್ಲಿ ಅದೂ ನಿಂತಾಗ ಇವರು ಮತ್ತು ಮಿಸ್ತ್ರಿ ಫೋರ್‌ಮನ್ ಹತ್ತಿರ ಹೋಗಿ ದೂರು ಹೇಳಿದ್ದು. "ಬಾಗಿಲು ತೆಗೆದುಕೊಳ್ಳಿ" ಅಂದನಂತೆ ಅವನು. ಹೊರಗೆ ಸೊನ್ನೆಗಿಂತ ಕೆಳಗೆ ಚಳಿ.

ಯಾವ ವರ್ಷ ಅದು? ಇವರಿಗೆ ನೆನಪಾಗಲಿಲ್ಲ. 93 ಅಂದರು, 96 ಅಂದರು. ಲಾಯರ್‌ಗೆ ಬೇಕಾಗಿದ್ದದ್ದೇ ಆ ವರ್ಷ. ಕಂಪನಿಗೆ ಗೊತ್ತಿದ್ದೂ ಸರಿ ಮಾಡಲಿಲ್ಲ ಅಂತ ತೋರಿಸಬೇಕಿತ್ತು.

ನಮ್ಮಣ್ಣ ಪ್ರತಿ ವರ್ಷ ಹುಬ್ಬಳ್ಳಿಯಿಂದ ಗೋಡೆಗೆ ಹಾಕುವ ಕನ್ನಡ ಕ್ಯಾಲೆಂಡರ್ ಕಳಿಸುತ್ತಿದ್ದ. ಹಬ್ಬ ಹುಣ್ಣಿಮೆ ನೋಡೋಕೆ ಅಂತ ಅಡುಗೆಮನೆಯಲ್ಲಿ ತೂಗುಹಾಕುತ್ತಿದ್ದೆ. ಊರಲ್ಲಿ ನಮ್ಮವ್ವ ಹಾಲಿನ ಲೆಕ್ಕ ಬರೆಯುತ್ತಿದ್ದ ಹಾಗೆ ನಾನು ಅದರ ಮೇಲೆ ಪೆನ್ಸಿಲಿನಿಂದ ಇವರ ಪಾಳಿ ಬರೆಯುತ್ತಿದ್ದೆ. "ರಾ" ಅಂದರೆ ರಾತ್ರಿ ಪಾಳಿ. "ಓ" ಅಂದರೆ ಓವರ್‌ಟೈಮ್, ಸಂಬಳ ಬಂದಾಗ ತಾಳೆ ನೋಡೋಕೆ. ಮೈ ಹುಷಾರಿಲ್ಲದ ದಿನ ಅದನ್ನೂ ಬರೆಯುತ್ತಿದ್ದೆ. ದೇವರ ಪಟ ಇರುವ ಕಾಗದ ಕಸಕ್ಕೆ ಹಾಕಬಾರದು ಅಂತ ಎಲ್ಲವನ್ನೂ ಸುತ್ತಿ ಬೇಸ್‌ಮೆಂಟಿನ ಟ್ರಂಕಿನಲ್ಲಿ ಇಟ್ಟಿದ್ದೆ. ಮಗಳು ಇಳಿದು ಹೋಗಿ ತೆಗೆದುಕೊಂಡು ಬಂದಳು. 1984ರಿಂದ 2012ರವರೆಗೆ, ಎರಡು ವರ್ಷದವು ಮಾತ್ರ ಇರಲಿಲ್ಲ.

1994ರ ಜನವರಿ ಪುಟದಲ್ಲಿ ಸಂಕ್ರಾಂತಿಯ ಮುಂದಿನ ಸಾಲಿನಲ್ಲಿ ನನ್ನದೇ ಅಕ್ಷರ: "ಫ್ಯಾನ್ ಇಲ್ಲ ಅಂದ್ರು. ರಾತ್ರಿಯೆಲ್ಲ ಕೆಮ್ಮು." ಮುಂದಿನ ಎರಡು ವಾರ ಬರೀ "ರಾ, ಕೆ" "ರಾ, ಕೆ". ಇವರು ಆ ಪುಟವನ್ನು ಮಡಿಲಲ್ಲಿ ಇಟ್ಟುಕೊಂಡು ಬೆರಳಿನಿಂದ ಒಂದೊಂದು ಮನೆ ಮುಟ್ಟುತ್ತಾ ಹೋದರು. "ನೀ ಇದನ್ನೆಲ್ಲ ಬರೀತಿದ್ದೇನ?" ಎಂದರು. ನನಗೆ ಉತ್ತರ ಹೇಳೋಕೆ ಆಗಲಿಲ್ಲ.

ಲಾಯರ್ ಕ್ಯಾಲೆಂಡರ್‌ಗಳನ್ನು ಪ್ರಮಾಣಿತ ಅನುವಾದಕರಿಂದ ಇಂಗ್ಲಿಷಿಗೆ ಮಾಡಿಸಿದಳು. ಕಂಪನಿಯ ಹಳೇ ರಿಪೇರಿ ದಾಖಲೆಗಳನ್ನು ಕೋರ್ಟ್ ಮೂಲಕ ಕೇಳಿದಾಗ, ಅದೇ ತಿಂಗಳು ಫ್ಯಾನ್ ಮೋಟಾರಿಗೆ ಅರ್ಜಿ ಹಾಕಿದ್ದ ಒಂದು ಚೀಟಿ ಸಿಕ್ಕಿತು. ಹೊಸ ಮೋಟಾರ್ ಬಂದಿದ್ದು ಮುಂದಿನ ಅಕ್ಟೋಬರ್‌ನಲ್ಲಿ.

2018ರ ಏಪ್ರಿಲ್‌ನಲ್ಲಿ ಶಿಕಾಗೋ ಇರುವ ಕುಕ್ ಕೌಂಟಿಯ ಕೋರ್ಟಿನಲ್ಲಿ ಕೇಸ್ ಹಾಕಿದೆವು. ಫೆಲಾ ಕೇಸನ್ನು ರಾಜ್ಯದ ಕೋರ್ಟಿನಲ್ಲೂ ಹಾಕಬಹುದು, ಕಂಪನಿ ಅದನ್ನು ಫೆಡರಲ್ ಕೋರ್ಟಿಗೆ ಎಳೆದುಕೊಂಡು ಹೋಗುವ ಹಾಗಿಲ್ಲ. ಆದರೆ ಎಲ್ಲಿ ಬೇಕಾದರೂ ಹಾಕೋಕೂ ಆಗುವುದಿಲ್ಲ. 2017ರಲ್ಲಿ ಮೊಂಟಾನಾದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಬೇಲಿ ಹಾಕಿತ್ತು. ಅದರಲ್ಲಿ ಒಬ್ಬಾಕೆ ಗಂಡ ಕಿಡ್ನಿ ಕ್ಯಾನ್ಸರ್‌ನಿಂದ ಹೋಗಿದ್ದಕ್ಕೆ ಕೇಸ್ ಹಾಕಿದ್ದಳು. ಇವರು ದುಡಿದದ್ದೂ ಇಲ್ಲೇ, ನಾವು ಇರುವುದೂ ಇಲ್ಲೇ, ಹಾಗಾಗಿ ನಮಗೆ ಆ ತಂಟೆ ಬರಲಿಲ್ಲ. ಬ್ರೇಕ್ ಶೂ ಮಾಡಿದ ಕಂಪನಿಗಳ ಮೇಲೂ ಕೇಸ್ ಹಾಕಬಹುದಾ ಅಂತ ಮಗಳು ಕೇಳಿದಳು. ಆ ಬಾಗಿಲು 2012ರಲ್ಲೇ ಮುಚ್ಚಿತ್ತು. ಇವರ ಹಾಗೇ ಇಂಜಿನ್ ಶಾಪ್‌ನಲ್ಲಿ ವೆಲ್ಡರ್, ಮೆಷಿನಿಸ್ಟ್ ಆಗಿದ್ದ ಜಾರ್ಜ್ ಕಾರ್ಸನ್ ಎಂಬುವರ ಕೇಸಿನಲ್ಲಿ, ಇಂಜಿನ್ ಭಾಗಗಳ ಬಗ್ಗೆ ರಾಜ್ಯದ ಕಾನೂನಿನಡಿ ತಯಾರಕರನ್ನು ಕೇಳುವ ಹಾಗಿಲ್ಲ ಅಂತ ತೀರ್ಪಾಗಿತ್ತು. ಓದಿ ನನಗೆ ತುಂಬಾ ಬೇಜಾರಾಯಿತು. ಅಷ್ಟು ಹೊತ್ತಿಗೆ ಆತ ಆಸ್‌ಬೆಸ್ಟಾಸ್‌ನಿಂದ ಬರುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು.

ಕಂಪನಿಯ ಉತ್ತರ ಬಂತು. ಸಿಗರೇಟು ಕಾರಣ. ಶಾಪ್‌ನ ಗಾಳಿ ಮಿತಿಯೊಳಗೇ ಇತ್ತು. ಮೂರನೆಯದು ನೋಡಿ ಎದೆ ಧಸಕ್ ಎಂದಿತು. 1999ರಲ್ಲಿ ಇವರು ಎಲ್ಲ ಹಕ್ಕು ಬಿಟ್ಟುಕೊಟ್ಟು ಸಹಿ ಮಾಡಿದ್ದಾರೆ.

ಆ ವರ್ಷ ಇವರ ಕಿವಿ ಮಂದವಾಗಿತ್ತು. ಶಾಪ್‌ನಲ್ಲಿ ಎಷ್ಟೋ ಜನಕ್ಕೆ ಹಾಗೇ ಆಗಿತ್ತು. ಕಂಪನಿಯವರು ಕರೆದು ಸ್ವಲ್ಪ ದುಡ್ಡು ಕೊಟ್ಟು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಆ ದುಡ್ಡಲ್ಲಿ ನಾವು ಹುಬ್ಬಳ್ಳಿ ಟಿಕೆಟ್ ತೆಗೆದಿದ್ದೆವು, ಮಾವನವರ ವರ್ಷಾಬ್ದಿಕಕ್ಕೆ. ಕಾಗದದ ಎರಡನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು: ಶಬ್ದ, ಧೂಳು, ಹೊಗೆ, ಆಸ್‌ಬೆಸ್ಟಾಸ್, ರಾಸಾಯನಿಕ, ಇವುಗಳಿಂದ ಈಗ ಬಂದ, ಮುಂದೆ ಬರಬಹುದಾದ, ಗೊತ್ತಿರುವ, ಗೊತ್ತಿಲ್ಲದ ಎಲ್ಲ ಕಾಯಿಲೆ, ಕ್ಯಾನ್ಸರ್ ಸೇರಿ. ಕಿವಿಯ ದುಡ್ಡಿಗೆ ಎದೆಯನ್ನೂ ಬರೆದುಕೊಂಡಿದ್ದರು. ಇವರು ಅದನ್ನು ಓದಿರಲಿಲ್ಲ. ಅವತ್ತು ರಾತ್ರಿ ಗೋಡೆ ಕಡೆ ತಿರುಗಿ ಮಲಗಿದವರು, "ನಾನೇ ನಿನ್ನ ಕೈ ಕಟ್ಟಿ ಹಾಕಿದೆ" ಎಂದರು. ನಾನು ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತೆ.

ಫೆಲಾ ಕಾನೂನಿನ ಐದನೇ ಸೆಕ್ಷನ್ ಇಲ್ಲಿ ಕೈ ಹಿಡಿಯಿತು. ಕಂಪನಿ ತನ್ನ ಜವಾಬ್ದಾರಿಯಿಂದ ತಪ್ಪಿಸಿಕೊಳ್ಳೋಕೆ ಮಾಡಿಸಿಕೊಂಡ ಯಾವ ಕರಾರೂ ಊರ್ಜಿತವಲ್ಲ ಅನ್ನುತ್ತದೆ ಅದು. ಹಾಗಂತ ಎಲ್ಲ ಸಹಿಯೂ ರದ್ದಾಗುವುದಿಲ್ಲ. ಇರುವ ಜಗಳ ಬಗೆಹರಿಸಿಕೊಂಡು ಮಾಡಿದ ಸಹಿಗೆ ಬೆಲೆ ಇದೆ. ಮುಂದೆ ಬರಬಹುದಾದ ಕಾಯಿಲೆಯ ವಿಷಯದಲ್ಲಿ ಬೇರೆ ಬೇರೆ ಕೋರ್ಟುಗಳು ಬೇರೆ ಬೇರೆ ಹೇಳಿವೆ. ಕೆಲವು, ಆ ಅಪಾಯ ಇದೆ ಅಂತ ಸಹಿ ಮಾಡುವಾಗ ಕಾರ್ಮಿಕನಿಗೆ ನಿಜವಾಗಿ ಗೊತ್ತಿತ್ತಾ ಅಂತ ನೋಡುತ್ತವೆ. ಕೆಲವು ಇನ್ನೂ ಬಿಗಿ, ಆಗ ಇದ್ದ ಗಾಯಕ್ಕಷ್ಟೇ ಆ ಸಹಿ ಅನ್ನುತ್ತವೆ. ನಮ್ಮ ಜಡ್ಜ್, ಇವರಿಗೆ 1999ರಲ್ಲಿ ಏನು ಗೊತ್ತಿತ್ತು ಅನ್ನುವುದನ್ನು ಜ್ಯೂರಿ ಕೇಳಲಿ, ಕೇಸ್ ವಜಾ ಮಾಡುವುದಿಲ್ಲ ಎಂದರು. ಆ ಆದೇಶ ಬರೋಕೆ ಏಳು ತಿಂಗಳು ಹಿಡಿಯಿತು. ಅದನ್ನು ಕೇಳೋಕೆ ಇವರು ಇರಲಿಲ್ಲ.

2018ರ ಆಗಸ್ಟ್‌ನಲ್ಲೇ ಲಾಯರ್ ಇವರ ಹೇಳಿಕೆಯನ್ನು ವಿಡಿಯೋ ಮಾಡಿಸಿದಳು. ಡೆಪೊಸಿಷನ್ ಅಂತಾರೆ. ಕಾಯಿಲೆಯವರದ್ದನ್ನು ಮೊದಲು ತೆಗೆದುಕೊಳ್ಳುತ್ತಾರೆ, ಯಾಕೆ ಅಂತ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಎರಡು ದಿನ, ದಿನಕ್ಕೆ ಮೂರು ಗಂಟೆ. ಇವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಕತ್ತಿನ ಹತ್ತಿರ ಎರಡು ಬೆರಳು ಸಡಿಲ. ಪಕ್ಕದಲ್ಲಿ ಆಕ್ಸಿಜನ್. ಕಂಪನಿಯ ಲಾಯರ್ ಸಭ್ಯರೇ. ಸಿಗರೇಟು ದಿನಕ್ಕೆ ಎಷ್ಟು, ಯಾವ ವರ್ಷದಿಂದ, ಮನೆಯಲ್ಲಿ ಅಗರಬತ್ತಿ ಹಚ್ಚುತ್ತೀರಾ, ಊರಲ್ಲಿ ಕಟ್ಟಿಗೆ ಒಲೆ ಇತ್ತಾ, ಎಲ್ಲ ಕೇಳಿದರು. ಇತ್ತು ಎಂದರು ಇವರು. ಒಂದಕ್ಕೂ ಸುಳ್ಳು ಹೇಳಲಿಲ್ಲ. ಕೊನೆಗೆ, ಹೊಗೆ ಅಷ್ಟು ಕೆಟ್ಟದಿದ್ದರೆ ಕೆಲಸ ಯಾಕೆ ಬಿಡಲಿಲ್ಲ ಅಂತ ಕೇಳಿದರು. ಇವರು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು, "ನನಗೆ ಆ ಕೆಲಸ ಚೆನ್ನಾಗಿ ಬರುತ್ತಿತ್ತು" ಎಂದರು.

ಅಪಾಯ ಗೊತ್ತಿದ್ದೂ ಕೆಲಸ ಮಾಡಿದಿರಿ, ಹಾಗಾಗಿ ನಿಮ್ಮದೇ ಹೊಣೆ ಅನ್ನುವ ವಾದ ಫೆಲಾದಲ್ಲಿ ನಿಲ್ಲುವುದಿಲ್ಲ. 1939ರಲ್ಲೇ ಅದನ್ನು ತೆಗೆದುಹಾಕಿದ್ದಾರೆ. ಇದು ನನಗೆ ಆಮೇಲೆ ತಿಳಿಯಿತು.

2019ರ ಜನವರಿ 22ಕ್ಕೆ ಇವರು ಹೋದರು. ಮನೆಯಲ್ಲೇ, ಬೆಳಗಿನ ಜಾವ. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಕಾಗದಗಳು ಮತ್ತೆ ಶುರುವಾದವು. ತೀರಿಕೊಂಡವರ ಹೆಸರಿನಲ್ಲಿ ಕೇಸ್ ನಡೆಯುವುದಿಲ್ಲ. ತೀರಿಕೊಂಡವರ ಆಸ್ತಿ ವ್ಯವಹಾರ ನೋಡುವ ಪ್ರೊಬೇಟ್ ಕೋರ್ಟಿಗೆ ಹೋಗಿ ನನ್ನನ್ನು ಅವರ ಪ್ರತಿನಿಧಿ ಅಂತ ನೇಮಿಸಿಕೊಂಡು, ಆ ಆದೇಶವನ್ನು ಇಲ್ಲಿ ಹಾಜರುಪಡಿಸಬೇಕು. ಆಗ ಕೇಸಿಗೆ ಎರಡು ಕವಲು. ಒಂದು, ಬದುಕಿದ್ದಾಗ ಅವರು ಪಟ್ಟ ನೋವಿಗೆ. ಇನ್ನೊಂದು, ಅವರು ಹೋಗಿದ್ದರಿಂದ ಕುಟುಂಬಕ್ಕಾದ ನಷ್ಟಕ್ಕೆ. ನಷ್ಟ ಅಂದರೆ ದುಡ್ಡಿನಲ್ಲಿ ಅಳೆಯುವಂಥದ್ದು ಮಾತ್ರ. ಹೆಂಡತಿಯ ದುಃಖಕ್ಕೆ, ಒಂಟಿತನಕ್ಕೆ ಫೆಲಾದಲ್ಲಿ ಏನೂ ಇಲ್ಲ. ಬೇರೆ ಎಷ್ಟೋ ಕೇಸುಗಳಲ್ಲಿ ಅದನ್ನು ಕೇಳಬಹುದಂತೆ, ರೈಲು ನೌಕರರ ಹೆಂಡಂದಿರು ಕೇಳುವ ಹಾಗಿಲ್ಲ. ಇದು ತಪ್ಪು ಅಂತ ನಾನು ಇವತ್ತಿಗೂ ಹೇಳುತ್ತೇನೆ.

ಅದಕ್ಕೇ ಒಂದು ಫಾರಂ ಕೊಟ್ಟರು. ಗಂಡ ಮನೆಯಲ್ಲಿ ಏನೇನು ಕೆಲಸ ಮಾಡುತ್ತಿದ್ದರು, ವಾರಕ್ಕೆ ಎಷ್ಟು ಗಂಟೆ? ಹಿಮ ಎತ್ತುವುದು, ಇಷ್ಟು. ಕಾರಿನ ಆಯಿಲ್ ಬದಲಿಸುವುದು, ಇಷ್ಟು. ನನಗೆ ಹೈವೇಯಲ್ಲಿ ಕಾರು ಓಡಿಸೋಕೆ ಬರುವುದಿಲ್ಲ, ದೇವಸ್ಥಾನಕ್ಕೆ, ಕನ್ನಡ ಕೂಟಕ್ಕೆ ಕರೆದುಕೊಂಡು ಹೋಗುವುದು, ಇಷ್ಟು. ಮಗಳು ಲ್ಯಾಪ್‌ಟಾಪಿನಲ್ಲಿ ತುಂಬುತ್ತಿದ್ದಳು. "ಅಮ್ಮಾ, ಇನ್ನೇನು?" ಎಂದಳು. ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ನಿಂತು ಬೇಯಿಸಿಕೊಡುತ್ತಿದ್ದರು ಅಂದೆ. ಅವಳು ಟೈಪ್ ಮಾಡಿದಳು. ಎಷ್ಟು ಗಂಟೆ ಅಂತ ಕೇಳಲಿಲ್ಲ.

ನನ್ನದೂ ಡೆಪೊಸಿಷನ್ ಆಯಿತು. ಕ್ಯಾಲೆಂಡರಿನ "ಕೆ" ಅಂದರೆ ಕೆಮ್ಮು ಅಂತಲೇ ಹೇಗೆ ಹೇಳುತ್ತೀರಿ, "ಕೆಲಸ" ಇರಬಾರದಾ ಅಂತ ಕೇಳಿದರು. ಕನ್ನಡ ಬಲ್ಲ ಯಾರನ್ನೋ ಕೇಳಿಕೊಂಡು ಬಂದಿದ್ದರು ಅಂತ ಕಾಣುತ್ತದೆ. ರಜೆ ಇದ್ದ ಭಾನುವಾರಗಳಲ್ಲೂ "ಕೆ" ಇದೆ ನೋಡಿ, ಆ ದಿನ ಕೆಲಸ ಎಲ್ಲಿತ್ತು ಅಂದೆ. ಪುಟ ತಿರುಗಿಸಿ ನೋಡಿದರು. ಮುಂದಿನ ಪ್ರಶ್ನೆಗೆ ಹೋದರು.

ಎಕ್ಸ್‌ಪರ್ಟ್‌ಗಳ ಹಂತವೇ ಎಲ್ಲಕ್ಕಿಂತ ಕಷ್ಟ, ದುಬಾರಿಯೂ ಹೌದು. ಇಂಥ ಕೇಸುಗಳು ಸೋಲುವುದು ಹೆಚ್ಚಾಗಿ ಇಲ್ಲೇ, ಎಕ್ಸ್‌ಪರ್ಟ್ ಮಾತಿಗೆ ಸರಿಯಾದ ಆಧಾರ ಇಲ್ಲ ಅಂತ ಜಡ್ಜ್ ತೆಗೆದುಹಾಕಿದರೆ ಕೇಸೂ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದ ಮೊದಲ ಗುಂಪಿಗೆ ಸೇರಿಸಿತು. ಆಸ್‌ಬೆಸ್ಟಾಸ್, ಸಿಲಿಕಾ ಧೂಳು ಆ ಗುಂಪಿನಲ್ಲಿ ಮೊದಲೇ ಇದ್ದವು. 1988ರಲ್ಲೇ ಡೀಸೆಲ್ ಹೊಗೆ ಬಹುಶಃ ಕ್ಯಾನ್ಸರ್ ತರುತ್ತದೆ ಅಂತ ಅವರು ಹೇಳಿದ್ದರು. ಕಂಪನಿಗೆ ಯಾವಾಗ ಗೊತ್ತಾಗಬೇಕಿತ್ತು ಅನ್ನುವ ವಾದಕ್ಕೆ ಆ ಹಳೇ ವರ್ಷವೇ ಹೆಚ್ಚು ಬೇಕಾಯಿತು. ಅಮೆರಿಕದ ಸುಮಾರು 55 ಸಾವಿರ ರೈಲು ನೌಕರರ ಮೇಲೆ ನಡೆದ ಅಧ್ಯಯನವೂ ಇತ್ತು. ರೈಲು ಓಡಿಸುವ ಕೆಲಸದಲ್ಲಿದ್ದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವು ಸುಮಾರು 40 ಪರ್ಸೆಂಟ್ ಜಾಸ್ತಿ ಅಂತ 2004ರಲ್ಲಿ ಪ್ರಕಟವಾಗಿದ್ದು. ಆದರೆ ಆ ಲೆಕ್ಕ ರೈಲು ಓಡಿಸುವವರದ್ದು, ಶಾಪ್‌ನವರದ್ದಲ್ಲ ಅಂತ ಕಂಪನಿ ಕಡೆಯವರು ಹಿಡಿದರು. ನಮ್ಮ ಕಡೆಯ ಎಕ್ಸ್‌ಪರ್ಟ್ ಆ ಜನವರಿಯ ಮುಚ್ಚಿದ ಬಾಗಿಲು, ನಿಂತ ಫ್ಯಾನ್, ಪಾಳಿಯ ಗಂಟೆಗಳಿಂದ ಇವರ ಲೆಕ್ಕ ಕಟ್ಟಿದರು. ಅದಕ್ಕೆ ಕ್ಯಾಲೆಂಡರೇ ಆಧಾರ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಎಲ್ಲ ನಿಂತಿತು. ಒಂದು ವರ್ಷ ಏನೂ ಆಗಲಿಲ್ಲ.

2021ರ ಜೂನ್‌ನಲ್ಲಿ ಝೂಮ್‌ನಲ್ಲಿ ಮೀಡಿಯೇಷನ್, ಅಂದರೆ ರಾಜಿ ಮಾತುಕತೆ. ನಿವೃತ್ತ ಜಡ್ಜ್ ಒಬ್ಬರು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಮಾತು ತಲುಪಿಸುತ್ತಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗಿದ್ದು ಸಂಜೆ ಆರಕ್ಕೆ ರಾಜಿಯಲ್ಲಿ ಮುಗಿಯಿತು. ಮೊತ್ತ ಹೇಳುವ ಹಾಗಿಲ್ಲ ಅಂತ ಸಹಿ ಮಾಡಿದ್ದೇನೆ. ಈ ಸಲ ಪ್ರತಿ ಪುಟ ಓದಿ, ಓದಿಸಿ ಮಾಡಿದೆ. ಅದರಲ್ಲಿ ಲಾಯರ್ ಪಾಲು ಹೋಯಿತು, ಎಕ್ಸ್‌ಪರ್ಟ್ ಖರ್ಚು ಹೋಯಿತು, ಇವರ ಚಿಕಿತ್ಸೆಗೆ ಮೆಡಿಕೇರ್ (ಹಿರಿಯರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆ) ಕೊಟ್ಟಿದ್ದರಲ್ಲಿ ಒಂದಷ್ಟು ವಾಪಸ್ ಕಟ್ಟಬೇಕಾಯಿತು. ಈ ಕೊನೆಯದನ್ನು ಮರೆತರೆ ಆಮೇಲೆ ತೊಂದರೆ. ಉಳಿದದ್ದರಲ್ಲಿ ಮನೆಯ ಸಾಲ ತೀರಿತು. ಕಂಪನಿ ತಪ್ಪು ಒಪ್ಪಿಕೊಂಡಿಲ್ಲ ಅನ್ನುವ ಸಾಲು ಆ ಕಾಗದದಲ್ಲಿ ಇದ್ದೇ ಇತ್ತು. ಎಲ್ಲರ ಕಾಗದದಲ್ಲೂ ಇರುತ್ತದಂತೆ.

ಆಮೇಲೆ ಒಮ್ಮೆ ಊರಿಗೆ ಹೋದಾಗ ನಮ್ಮ ಭಾವನವರ ಮಗನನ್ನು ಕೇಳಿದೆ, ಅವನು ವಕೀಲ. ಇಂಡಿಯಾದಲ್ಲಿ ಹೇಗಪ್ಪಾ? ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾನೂನಿನ ಮೂರನೇ ಷೆಡ್ಯೂಲ್ ತೆಗೆದು ತೋರಿಸಿದ. ಆಸ್‌ಬೆಸ್ಟಾಸ್‌ನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್ ಆ ಪಟ್ಟಿಯಲ್ಲಿತ್ತು. ಅದರಲ್ಲಿ ತಪ್ಪು ಯಾರದು ಅಂತ ತೋರಿಸುವ ಕಷ್ಟ ಇರಲಿಲ್ಲ. ನಮ್ಮ ಮಾವನವರು ಕೊನೆಗಾಲದಲ್ಲಿ ಕೆಮ್ಮಿ ಕೆಮ್ಮಿಯೇ ಹೋದರು. ಅವರಿಗೆ ಏನಾಗಿತ್ತು ಅಂತ ನಾವ್ಯಾರೂ ಕೇಳಲೇ ಇಲ್ಲ.

ಲಾಯರ್ ಆಫೀಸಿನಿಂದ ಕ್ಯಾಲೆಂಡರ್‌ಗಳು ವಾಪಸ್ ಬಂದವು. ಒಂದೊಂದರ ಮೂಲೆಗೂ ನಂಬರಿನ ಚೀಟಿ ಅಂಟಿಸಿದ್ದಾರೆ. ಕಿತ್ತರೆ ಕಾಗದ ಹರಿಯುತ್ತದೆ ಅಂತ ಹಾಗೇ ಬಿಟ್ಟಿದ್ದೇನೆ.

ಈಗ ದೊಡ್ಡ ಮಿಸ್ತ್ರಿಗೆ ಮೂತ್ರಕೋಶದ ಕ್ಯಾನ್ಸರ್. ಅವರ ಹೆಂಡತಿ ಇಲ್ಲ, ಮಕ್ಕಳು ದೂರ. ಗೊತ್ತಾಗಿ ಎರಡು ವರ್ಷ ದಾಟಿದೆ, ಗಡಿಯಾರದಲ್ಲಿ ಉಳಿದಿರುವುದು ಒಂಬತ್ತು ತಿಂಗಳು. ಶನಿವಾರ ಶನಿವಾರ ನಮ್ಮ ಮನೆಗೆ ಬರುತ್ತಾರೆ. ಅವರು ಹೇಳುತ್ತಾರೆ, ಮಗಳು ಟೈಪ್ ಮಾಡುತ್ತಾಳೆ, ನಾನು ಕ್ಯಾಲೆಂಡರ್ ಬಿಡಿಸಿಕೊಂಡು ಪಕ್ಕದಲ್ಲಿ ಕೂರುತ್ತೇನೆ. ಇವರ ರಾತ್ರಿ ಪಾಳಿಗಳು ಅವರವೂ ಆಗಿದ್ದವು. ಹೋದ ವಾರ ಸಾಲ್ವೆಂಟ್ ತೊಟ್ಟಿಯ ಮಾತು ಬಂತು. ಅದಕ್ಕೆ ಮುಚ್ಚಳ ಹಾಕಿದ್ದು ಯಾವ ವರ್ಷ ಅಂತ ಅವರಿಗೆ ನೆನಪಾಗುತ್ತಿಲ್ಲ. 2001ರದ್ದು ತೆಗೆದಿದ್ದೇವೆ, ಮಾರ್ಚ್‌ವರೆಗೆ ನೋಡಿ ಆಗಿದೆ.